ನಿನ್ನೆಯನ್ನು ನಂಬದ ನಮ್ಮ ಕಾಕಾ

ನಾಳೆ ಬೆಳಿಗ್ಗೆ ಸೂರ್ಯ ಹುಟ್ಟುತ್ತಾನೆಂದು ಎದೆ ತಟ್ಟಿ ಹೇಳುವ ಧೈರ್ಯ ನಿಮಗಿದೆಯೆ? ಹಾಗಾದರೆ ದಯವಿಟ್ಟು ಬಸವನ ಬಾಗೇವಾಡಿಯ ನಮ್ಮ ಕಾಕಾನ ಕಣ್ಣಿಗೆ ಮಾತ್ರ ಬೀಳಬೇಡಿ! ಸಿಂದಗಿಯಲ್ಲಿ ಜೀವಮಾನವಿಡೀ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ ಮನುಷ್ಯ. ವಿದ್ಯಾರ್ಥಿಗಳು ಪಾರಾದರು, ಈಗ ನಾವು ಸಿಕ್ಕಿದ್ದೇವೆ.

ಅವರ ಸಿದ್ಧಾಂತ ಇಷ್ಟೆ. ಇರಬಹುದಾದ ಜಗತ್ತುಗಳೆಲ್ಲ ನಿಜವಾಗಿಯೂ ಇವೆಯಂತೆ. ಇವತ್ತಿನವರೆಗೆ ನಮ್ಮದರಂತೆಯೇ ನಡೆದು, ನಾಳೆಯಿಂದ ದಾರಿ ತಪ್ಪುವ ಜಗತ್ತುಗಳೂ ಲೆಕ್ಕವಿಲ್ಲದಷ್ಟಂತೆ. ನಾವಿರುವುದು ಅಂಥದ್ದರಲ್ಲಿ ಅಲ್ಲವೆಂದು ಹೇಗೆ ಹೇಳುತ್ತೀರಿ? ಆದ್ದರಿಂದ ನಿನ್ನೆ ಆದದ್ದನ್ನು ನೋಡಿ ನಾಳೆಯದನ್ನು ಹೇಳಕೂಡದು!

ಅವರ ಹೆಂಡತಿ, ಅಂದರೆ ನಮ್ಮ ಕಾಕೂ, ಒಮ್ಮೆ ಎಷ್ಟು ರೊಟ್ಟಿ ಬಡಿಯಲಿ ಎಂದು ಕೇಳಿದರು. ನಿನ್ನೆಯ ಹಸಿವಿನಿಂದ ಇಂದಿನ ಹಸಿವನ್ನು ಊಹಿಸುವುದು ತಪ್ಪೆಂದು ಕಾಕಾ ಪಾಠ ಶುರುಮಾಡಿದರು. ಕಾಕೂ ಹಿಟ್ಟಿನ ಡಬ್ಬಿ ಮುಚ್ಚಿ ಧಾರಾವಾಹಿ ನೋಡುತ್ತ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಕಾಕಾ ಉಳಿದ ಜಗತ್ತುಗಳನ್ನೆಲ್ಲ ಬಿಟ್ಟು ಅಡುಗೆಮನೆಗೆ ಬಂದರು.

ಇನ್ನು ಬಸ್ಸಿನ ಕಥೆ. ಈ ಬಸ್ಸು ಮುದ್ದೇಬಿಹಾಳಕ್ಕೆ ಹೋಗುತ್ತದೆಯೇ ಎಂದು ಕಾಕಾ ಕೇಳಿದರು. ದಿನಾ ಹೋಗುತ್ತದೆ ಎಂದ ಕಂಡಕ್ಟರ್. ದಿನಾ ಹೋಗುವುದು ಇಂದು ಹೋಗುವುದಕ್ಕೆ ಸಾಕ್ಷಿಯಲ್ಲ ಎಂದರು ಇವರು. ಊರು ದಾಟುತ್ತಲೇ ಟೈರು ಢಬ್ಬೆಂದಿತು! ಎಲ್ಲರೂ ಬಿಸಿಲಲ್ಲಿ ನಿಂತು ಗೊಣಗುತ್ತಿದ್ದರೆ ಕಾಕಾನ ಮುಖವೊಂದೇ ಅರಳಿತ್ತು. ಕಂಡಕ್ಟರ್ ಕೈ ಮುಗಿದ.

"ಸರ, ಇನ್ನ ಮ್ಯಾಲ ನಮ್ಮ ಬಸ್ ಹತ್ತಬ್ಯಾಡ್ರಿ."

ಒಂದು ಸಲ ಒಡೆದರೆ ತಾವು ಹತ್ತಿದಾಗಲೆಲ್ಲ ಒಡೆಯುತ್ತದೆಂಬುದು ಎಂಥ ತರ್ಕ ಎಂದು ಕಾಕಾ ಮುದ್ದೇಬಿಹಾಳದವರೆಗೂ ಅವನೊಡನೆ ವಾದಿಸಿದರು.

ಇಂಡಿ ಊರಿನಿಂದ ನನ್ನನ್ನು ನೋಡಲು ಬಂದವರು ಹುಡುಗಿಯ ಸ್ವಭಾವ ಹೇಗೆಂದು ವಿಚಾರಿಸಿದಾಗಲೂ ಕಾಕಾ ಬಿಡಲಿಲ್ಲ. "ಇಲ್ಲೀತನಕ ಛಲೋ ಅದಾಳ್ರಿ. ನಾಳಿದು ನಾ ಹೇಳಂಗಿಲ್ಲ" ಎಂದುಬಿಟ್ಟರು! ಆದರೂ ಮದುವೆಯಾಯಿತು. ನಿಮ್ಮ ಕಾಕಾ ಮೊದಲೇ ಎಚ್ಚರಿಸಿದ್ದರು, ನಾನೇ ಕೇಳಲಿಲ್ಲ ಎಂದು ನನ್ನ ಗಂಡ ಈಗಲೂ ನಿಟ್ಟುಸಿರು ಬಿಡುತ್ತಾರೆ.

ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ, ಬಳೆ ತಂದು ಕುಬಸ ಮಾಡುತ್ತಾರೆ. ನನಗೆ ಎರಡು ಸಲ ಮಾಡಿದರು. ಎರಡು ಸಲವೂ ಕುಬಸವಾದ ಮೇಲೆ ಮಗು ಉಳಿಯಲಿಲ್ಲ. ಮೂರನೆಯ ಸಲ ತಿಂಗಳು ತುಂಬುತ್ತ ಬಂದರೂ ಎರಡೂ ಮನೆಗಳಲ್ಲಿ ಯಾರೊಬ್ಬರೂ ಕುಬಸದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ನನಗೂ ಅಷ್ಟೇ ಹೆದರಿಕೆ.

ಒಂದು ದಿನ ಕಾಕಾ ಹೇಳದೆ ಕೇಳದೆ ಇಂಡಿಗೆ ಬಂದಿಳಿದರು. ಚೀಲದಿಂದ ಹಸಿರು ಸೀರೆ ತೆಗೆದು ನನ್ನ ಮುಂದಿಟ್ಟರು. ನಮ್ಮತ್ತೆ ಮೆಲ್ಲಗೆ ಹೇಳಿದರು: "ಎರಡ ಸಲ ಆಗೇತ್ರಿ. ಮತ್ತ ಯಾಕ್ರಿ?"

"ಎರಡ ಸಲ ಆತು ಅಂತ ಮೂರನೇದೂ ಹಂಗ ಆಗಬೇಕಂತ ಎಲ್ಲೂ ಇಲ್ರಿ."

ಕಾಕಾ ಮತ್ತೊಂದು ಜಗತ್ತಿನ ಸುದ್ದಿ ತೆಗೆಯಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಕಾಕಾ, ಈ ಸಲ ಉಳೀತೈತೇನ್ರಿ?"

"ಗೊತ್ತಿಲ್ಲವ್ವ."

ಉಳಿಯುವುದಿಲ್ಲವೆಂದು ಒಳಗೊಳಗೇ ಎಲ್ಲರೂ ತೀರ್ಮಾನಿಸಿ ಕುಳಿತಿದ್ದ ಮನೆಯಲ್ಲಿ, ಗೊತ್ತಿಲ್ಲ ಎಂದವರು ಅವರೊಬ್ಬರೇ. ನನಗೆ ಅಷ್ಟು ಸಾಕಾಯಿತು. ಅಳುತ್ತಲೇ ಒಳಗೆ ಹೋಗಿ ಆ ಸೀರೆ ಉಟ್ಟು ಬಂದೆ.