ಬೀಗರನ್ನು ಸಾಲಿಗೆ ನಿಲ್ಲಿಸಿದ ಅವರೆಕಟ್ಟು

"ಅವರೆಕಾಳಿನ ಹೊಟ್ಟೆಯೊಳಗಿನ ಗುಟ್ಟು ಇವತ್ತು ಬಯಲು!" ಎಂದು ಗವಿಸಿದ್ದಯ್ಯನವರು ಅಡುಗೆಮನೆ ಬಾಗಿಲಲ್ಲಿ ನಿಂತು ಘೋಷಿಸಿದಾಗ ಹೆಂಡತಿ ನಂಜಮಣ್ಣಿಯ ಎದೆ ಧಸಕ್ಕೆಂದಿತು. ಮಗಳು ಕುಮುದಳ ಮದುವೆ ಮಾತಿಗೆ ಬೀಗರು ಬರುವ ದಿನವೇ ಆಗಬೇಕೆ ಈ ಪ್ರದರ್ಶನ!

ಕಾಲೇಜಿನ ಬೀಜ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ಕೊಳವೆ ತೊಳೆದು ನಿವೃತ್ತರಾದವರು ಗವಿಸಿದ್ದಯ್ಯ. ತೊಳೆಯುತ್ತ ತೊಳೆಯುತ್ತ ತಾವೇ ವಿಜ್ಞಾನಿಯಾಗಿಬಿಟ್ಟಿದ್ದರು.

"ಕಾಳು ಅರೆದು ಉಪ್ಪುನೀರಲ್ಲಿ ಕದಡಿದ್ರೆ ಪ್ರೋಟೀನು ನೀರಿಗೆ ಇಳೀತದೆ. ನನ್ನ ಔಷಧಿ ಎರಡು ಹನಿ ಹಾಕಿ ಕರೆಂಟು ಕೊಟ್ರೆ, ಅಷ್ಟೂ ಆ ನಡುಮನೆ ಗೋಡೆಯ ತಾಮ್ರದ ತಗಡಿನ ಕಡೆ ಓಡ್ತವೆ! ಹಗುರಾದ್ದು ಮುಂದೆ, ಭಾರದ್ದು ಹಿಂದೆ, ಒಂದೇ ತೂಕದವು ಒಂದೇ ಸಾಲು!"

"ಓಡ್ಲಿ ಬಿಡ್ರೀ, ಬೀಗರು ಓಡಿಹೋಗದಿದ್ರೆ ಸಾಕು!"

ಗಂಡ ಯಂತ್ರದ ಕೋಣೆ ಸೇರಿದ ಮೇಲೆ ನಂಜಮಣ್ಣಿಗೆ ಒಲೆಯ ಪಕ್ಕದಲ್ಲಿ ಒಂದು ಪಾತ್ರೆ ಕಂಡಿತು. ಒಳಗೆ ಗಟ್ಟಿ ಅವರೆಕಟ್ಟು, ಘಮಘಮ! ಕಾಳಿನ ಕಟ್ಟು ಚೆಲ್ಲುವವಳು ಸಂಸಾರ ಮಾಡಲಾರಳೆಂದು ಅವಳ ತವರಿನಲ್ಲಿ ಮಾತು. ಅಷ್ಟನ್ನೂ ಹಿತಕಿದ ಬೇಳೆ ಸಾರಿಗೆ ಸುರಿದಳು.

ನಡುಮನೆಯಲ್ಲಿ ಬೀಗರೂ ತಾಯಿಮಗಳೂ ಕೂಡಿ ಉಂಡ ಊಟ ಭರ್ಜರಿಯಾಯಿತು. ಹುಡುಗನ ತಾಯಿ ಜವರಮ್ಮ ಮೂರು ಸಲ ಸಾರು ಬಡಿಸಿಕೊಂಡರು. ಆದರೆ ತಾಂಬೂಲದ ತಟ್ಟೆ ಮುಂದಿಟ್ಟಾಗ ಕೈ ಚಾಚಲಿಲ್ಲ. "ಊರಿಗೆ ಹೋಗಿ ತಿಳಿಸ್ತೀವಿ" ಎಂದರು.

ನಂಜಮಣ್ಣಿಯ ಮುಖ ಇಳಿದುಹೋಯಿತು. ಹಿಂದಿನ ಎರಡು ಸಂಬಂಧದವರೂ ಇದೇ ಮಾತು ಹೇಳಿ ಹೋಗಿ ತಿರುಗಿ ನೋಡಿರಲಿಲ್ಲ.

ಊಟದ ಪರಿವೆಯೇ ಇಲ್ಲದ ಗವಿಸಿದ್ದಯ್ಯನವರು ಒಳಗೆ ಯಂತ್ರ ಪರೀಕ್ಷಿಸಲೆಂದು ಗುಂಡಿ ಒತ್ತಿದ್ದು ಆಗಲೇ. ಗುಂಯ್ ಎಂದು ಸದ್ದು!

"ಅಯ್ಯಯ್ಯೋ, ಯಾರೋ ಹೊಟ್ಟೆ ಹಿಡಿದು ಎಳೀತಾ ಇದಾರೆ!" ನರಪೇತಲ ಹುಡುಗ ಚಾಪೆ ಸಮೇತ ಜಾರಿಕೊಂಡು ಹೋಗಿ ತಗಡಿನ ಪಕ್ಕ ನಿಂತ. ಹಿಂದೆಯೇ ಕುಮುದ ಸರ್ರನೆ ಬಂದು ಅವನ ಭುಜಕ್ಕೆ ಭುಜ ತಾಗಿಸಿ ನಿಂತಳು. ಹುಡುಗನ ತಂದೆ ನಡುಗಂಬದ ಹತ್ತಿರ ಸಿಕ್ಕಿಬಿದ್ದರು. ಜವರಮ್ಮ ಎರಡೇ ಗೇಣು ಸರಿದು ನಿಂತರು. ನೋಡನೋಡುತ್ತ ನಂಜಮಣ್ಣಿಯ ಕಾಲುಗಳೂ ಜಾರತೊಡಗಿದವು! ಜಾರಿ ಜಾರಿ ಜವರಮ್ಮನ ಪಕ್ಕಕ್ಕೇ ಬಂದು ಅಂಟಿಕೊಂಡಳು.

ಗವಿಸಿದ್ದಯ್ಯನವರು ಹೊರಗೆ ಬಂದು ಬಾಯಿಬಿಟ್ಟು ನಿಂತರು. "ಅದ್ಭುತ! ಲೇ, ಔಷಧಿ ಹಾಕಿ ಒಲೆ ಪಕ್ಕ ಇಟ್ಟಿದ್ದ ನನ್ನ ಕಟ್ಟೆಲ್ಲಿ?"

"ಸಾರಿಗೆ ಹಾಕ್ಬಿಟ್ಟೆ ಕಣ್ರೀ!" ನಂಜಮಣ್ಣಿ ಅಳುವಂತಾದಳು. ಮುಗಿಯಿತು, ಮಗಳ ಮದುವೆಗೆ ತನ್ನ ಕೈಯಾರೆ ಎಳ್ಳುನೀರು ಬಿಟ್ಟಂತಾಯಿತು!

"ಆರ್ಸಯ್ಯಾ ಅದನ್ನ!" ಜವರಮ್ಮ ಗುಡುಗಿದರು. "ನಾನೂ ಈಯಮ್ಮನೂ ಒಂದೇ ತೂಕವಂತಾ? ಯಾರಾದ್ರೂ ನೋಡಿದ್ರೆ ಏನಂತಾರೆ?"

ಗವಿಸಿದ್ದಯ್ಯನವರು ಗುಂಡಿಯತ್ತ ಓಡಿದರು. ಅಷ್ಟರಲ್ಲಿ ನಂಜಮಣ್ಣಿಯ ಕಣ್ಣು ಗೋಡೆಯ ಕಡೆ ಹೋಯಿತು. ಹುಡುಗ ಹುಡುಗಿ ಅಂಟಿಕೊಂಡೇ ಕಿಸಿಕಿಸಿ ನಗುತ್ತಿದ್ದರು.

"ರೀ, ನಿಲ್ಲಿ! ಮುಟ್ಟಿದ್ರೆ ನನ್ನಾಣೆ!" ಎಂದವಳೇ ಕಾಲ ಬಳಿಯಿದ್ದ ತಾಂಬೂಲದ ತಟ್ಟೆ ಎತ್ತಿ ಜವರಮ್ಮನ ಮುಂದೆ ಹಿಡಿದಳು. "ಮೊದಲು ಇದನ್ನ ತಗೊಳ್ಳೀಮ್ಮಾ, ಆಮೇಲೆ ಕರೆಂಟು."

ಜವರಮ್ಮ ಗೋಡೆ ನೋಡಿದರು, ಮಗನ ನಗು ನೋಡಿದರು, ನಿಟ್ಟುಸಿರು ಬಿಟ್ಟು ತಾಂಬೂಲ ತೆಗೆದುಕೊಂಡರು.

ಹೊರಡುವಾಗ ಮೆಟ್ಟಿಲಲ್ಲಿ ನಿಂತು ಒಂದೇ ಮಾತು ಹೇಳಿದರು:

"ಸಾರು ಚೆನ್ನಾಗಿತ್ತು. ಮದುವೆ ಅಡುಗೆ ಮಾತ್ರ ನಮ್ಮ ಕಡೆಯೋರೇ ಮಾಡ್ತಾರೆ."