ಮೀನು ಮುಟ್ಟದ ಗಾಳ

ಉಪ್ಪಿನ ವಿಷಯ ತಮಗೆ ಮಾತ್ರ ಗೊತ್ತು ಎಂಬ ಜಂಬ ಹೆಂಗಸರಿಗಿದೆ ಎನ್ನುವುದು ವೀರಬಸಪ್ಪನವರ ಬಹುದಿನದ ತಕರಾರು. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಹೊತ್ತಿನ ಊಟ ಕೆಡುತ್ತದೆ, ಅಷ್ಟೇ. ಸಮುದ್ರದ ಉಪ್ಪು ಗಾಳದ ದಾರ ಸುತ್ತುವ ರೀಲಿನೊಳಗೆ ಒಂದು ದಿನ ಕೂತರೆ? ಇಂಥ ಘನ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆಯುಳ್ಳವರು ಶಿಕಾರಿಪುರದಲ್ಲಿ ಅವರೊಬ್ಬರೇ. (ಪ್ರಶ್ನೆ ಕೇಳುವವರೂ ಅವರೊಬ್ಬರೇ.)

ವೀರಬಸಪ್ಪನವರದು ಪಂಪ್‌ಸೆಟ್ ಅಂಗಡಿ. ಮೂರು ವರ್ಷದ ಹಿಂದೆ ಕಂಪನಿಯವರು ಡೀಲರುಗಳಿಗೆಲ್ಲ ಸಮುದ್ರ ತೋರಿಸಲು ಕರೆದೊಯ್ದಾಗ, ಹೊನ್ನಾವರದ ದೋಣಿಯ ಶ್ರೀನಾಥ ಅವರ ಕೈಗೊಂದು ಫ್ಲೈ ರಾಡ್ ಕೊಟ್ಟ. ಅಲ್ಲಿಗೆ ಮುಗಿಯಿತು. ಎರೆಹುಳ ಬೇಡ, ಸಿಗಡಿ ಬೇಡ. ಕೊಕ್ಕೆಗೆ ಬಣ್ಣದ ಪುಕ್ಕ ಕಟ್ಟಿ, ತೊಂಬತ್ತು ಅಡಿ ದಾರವನ್ನು ಚಾಟಿಯಂತೆ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸುವುದು. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುವುದು. ಮೊಟ್ಟೆಯ ಅಂಗಡಿ ಕಂಡರೆ ರಸ್ತೆ ದಾಟಿ ನಡೆಯುವ ಮನೆತನದವರಿಗೆ ಹೇಳಿಮಾಡಿಸಿದ ಕ್ರೀಡೆ!

ಹೆಂಡತಿ ಅಕ್ಕನಾಗಮ್ಮನವರ ಅಭಿಪ್ರಾಯ ಬೇರೆ. "ತಿನ್ನಲ್ಲ, ಮಾರಲ್ಲ. ಅದರ ಬಾಯಿಗೆ ಕೊಕ್ಕೆ ಚುಚ್ಚಿ, ತಪ್ಪಾಯ್ತು ಹೋಗಿ ಬಾರಪ್ಪ ಅನ್ನೋಕೆ ಹೊನ್ನಾವರಕ್ಕೆ ಹೋಗ್ಬೇಕಾ? ಆ ತಪ್ಪಾಯ್ತು ಅನ್ನೋದನ್ನ ಮನೇಲಿ ನನಗೆ ಒಂದ್ಸಲ ಅನ್ನಿ ನೋಡೋಣ."

ಇಂಥ ಮಾತಿಗೆಲ್ಲ ಹೆದರುವ ಗಂಡಲ್ಲ ಅವರು. ಅದಕ್ಕೇ ಎದ್ದು ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯಲ್ಲಿ ಸೊರಬದ ಗೋಪಾಲಪ್ಪನಂಥ ರಸಿಕ ಗಿರಾಕಿಗಳಿದ್ದರು. ಏಳು ಕೆ.ಜಿ. ತೂಕದ ಮೀನು ರಾಡನ್ನು ಬಿಲ್ಲಿನಂತೆ ಬಗ್ಗಿಸಿದ್ದು, ಒಂದು ತಾಸು ಸೆಣಸಿದ್ದು, ಕೊನೆಗೆ ಅದರ ಕಣ್ಣಲ್ಲಿ ನೀರು ಕಂಡು ಕರಗಿ ತಾವು ಬಿಟ್ಟುಬಿಟ್ಟಿದ್ದು, ಎಲ್ಲವನ್ನೂ ಗೋಪಾಲಪ್ಪ ಬಾಯಿಬಿಟ್ಟುಕೊಂಡು ಕೇಳಿದ್ದ. ಮೋಟರನ್ನೂ ಅಲ್ಲೇ ಕೊಂಡಿದ್ದ.

ಈಗ ಸೊರಬದಲ್ಲಿ ಅಕ್ಕನಾಗಮ್ಮನವರ ತಮ್ಮ ಕೊಟ್ರೇಶನ ಹೊಸ ಮನೆಯ ಗೃಹಪ್ರವೇಶ ಬಂತು. "ಹಿಂದಿನ ದಿನ ಮಧ್ಯಾಹ್ನಕ್ಕೆ ನೀವು ಅಲ್ಲಿರ್ಬೇಕು. ತಪ್ಪಿದ್ರೆ ಆ ಮೀನುಗಳ ಜೊತೆಗೇ ಇರಿ" ಎಂದು ಆಕೆ ಮೊದಲೇ ತವರಿಗೆ ಹೋಗಿದ್ದರು. ವೀರಬಸಪ್ಪನವರು ಮಾತು ಉಳಿಸಿಕೊಂಡರು. ಬೆಳಗ್ಗೆ ಹೊನ್ನಾವರದ ಅಳಿವೆಯಲ್ಲಿ ಗಾಳ ಬೀಸಿ, ಸಾಗರದ ಮೇಲೆ ಬಸ್ಸು ಹಿಡಿದು, ಊಟದ ಹೊತ್ತಿಗೆ ಸೊರಬದಲ್ಲಿ ಇಳಿದರು. ಹೆಗಲ ಚೀಲದಲ್ಲಿ ಉಪ್ಪು ಮೆತ್ತಿದ ರಾಡು, ರೀಲು, ದಾರ.

ತುಕ್ಕು ಹಿಡಿಯುವ ಮೊದಲು ಉಪ್ಪನ್ನು ಅದೇ ದಿನ ಸಿಹಿನೀರಲ್ಲಿ ತೊಳೆಯಬೇಕು. ಇದು ಶಾಸ್ತ್ರ. ಊಟ ಮುಗಿಸಿ ಎಲ್ಲರೂ ಮುಂದಿನ ಚಪ್ಪರದಲ್ಲಿರುವಾಗ ಅವರು ಹಿತ್ತಲ ಬಚ್ಚಲಿಗೆ ಜಾರಿದರು. ಅಲ್ಲೊಂದು ಹೊಸ ಸ್ಟೀಲ್ ಕೊಳಗ ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಉಗುರುಬೆಚ್ಚಗಿನ ನೀರು ತುಂಬಿ, ಕೊಟ್ರೇಶನ ಕೂಸಿನ ಶಾಂಪೂ ನಾಲ್ಕು ಹನಿ ಬಿಟ್ಟರು. (ಬಟ್ಟೆ ಸೋಪು ಹಾಕಿದರೆ ದಾರದ ಮೈ ಒರಟಾಗುತ್ತದಂತೆ.) ರೀಲಿನ ಬ್ರೇಕನ್ನು ಒಳಗೆ ನೀರಿಳಿಯದಂತೆ ಬಿಗಿ ಮಾಡಿ ಮುಳುಗಿಸಿದರು. ರಾಡಿನ ನಾಲ್ಕು ತುಂಡುಗಳನ್ನೂ ಬಿಡಿಸಿ, ಒಂದೊಂದು ಉಂಗುರವನ್ನೂ ಹಲ್ಲುಜ್ಜುವ ಬ್ರಷ್‌ನಿಂದ ಸವರಿದರು. ತೊಂಬತ್ತು ಅಡಿ ದಾರವನ್ನು ಮೊಳಮೊಳವಾಗಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ತಾವು ಕುಡಿದ ಕಾಫಿ ಲೋಟವನ್ನು ಒಮ್ಮೆಯೂ ತೊಳೆಯದ ಆ ಕೈಗಳಲ್ಲಿ ಅದೆಂಥ ಮಾರ್ದವ!

"ಅಯ್ಯೋ ಬಸವಣ್ಣ!"

ಬಾಗಿಲಲ್ಲಿ ಅತ್ತೆ ಮಹಾದೇವಮ್ಮ ನಿಂತಿದ್ದರು. ಕೂಗಿಗೆ ಮನೆಯೆಲ್ಲ ಓಡಿ ಬಂತು. ಬಾಗಿಲಿಗೆ ಕಟ್ಟಲು ಬಾಳೆಕಂದು ತಂದಿದ್ದ ಗೋಪಾಲಪ್ಪನೂ ಕಂದಿನ ಸಮೇತ ಓಡಿ ಬಂದ.

"ಅದು ನಾಳೆ ಹುಗ್ಗಿ ಬಡಿಸೋ ಕೊಳಗ, ಅಳಿಯಂದ್ರೇ" ಎಂದರು ಮಹಾದೇವಮ್ಮ, ಒಂದೊಂದೇ ಮಾತನ್ನು ತೂಗಿ. "ಸ್ವಾಮಿಗಳು ಪ್ರಸಾದ ಮಾಡ್ತಾರೆ. ಮೀನು ಮುಟ್ಟಿದ ಸಾಮಾನು ಅದರೊಳಗೆ ಮುಳುಗಿದ್ರೆ, ನಾಳೆ ನಾನು ಹೊಸ ಮನೆ ಹೊಸ್ತಿಲು ದಾಟಲ್ಲ. ಈಗಲೇ ಕುಪ್ಪಗಡ್ಡೆ ಬಸ್ಸು ಹತ್ತಿ ನಮ್ಮಕ್ಕನ ಮನೆಗೆ ಹೋಗ್ತೀನಿ. ಹೇಳಿ, ಮೀನು ಮುಟ್ಟೈತೋ ಇಲ್ವೋ?"

ಕೊಟ್ರೇಶನ ಮುಖ ಬಿಳುಚಿತು. ಅವ್ವ ಆಡಿದ್ದನ್ನು ಮಾಡಿಯೇ ತೀರುವ ಪೈಕಿ. ಅಕ್ಕನಾಗಮ್ಮ ಗಂಡನನ್ನೇ ನೋಡಿದರು. ಗೋಪಾಲಪ್ಪನೂ ನೋಡಿದ, ಅಭಿಮಾನದಿಂದ.

ವೀರಬಸಪ್ಪನವರು ಬಟ್ಟೆಯನ್ನು ಹಿಂಡಿದರು. ಮತ್ತೊಮ್ಮೆ ಹಿಂಡಿದರು. ಕೊನೆಗೆ ಕೊಳಗದೊಳಗೆ ನೋಡುತ್ತ, "ಮುಟ್ಟಿಲ್ಲ" ಎಂದರು.

"ಇವತ್ತು ಮುಟ್ಟಿಲ್ವೋ, ಯಾವತ್ತೂ ಮುಟ್ಟಿಲ್ವೋ?" ಮಹಾದೇವಮ್ಮ ವಕೀಲರಾಗಬೇಕಿತ್ತು.

"ಯಾವತ್ತೂ."

"ಛೇ ಛೇ, ಸುಳ್ಳು!" ಎಂದು ಗೋಪಾಲಪ್ಪ ಮುಂದೆ ಬಂದ. ಪಾಪ, ಅವನದು ಶುದ್ಧ ನಿಷ್ಠೆ. "ದೊಡ್ಡ ಮನುಷ್ಯರು, ಹೇಳ್ಕೊಳ್ಳೋಕೆ ಸಂಕೋಚ ಪಡ್ತಾರೆ ಅಷ್ಟೇ. ಏಳು ಕೆ.ಜಿ. ಮೀನು ಹಿಡ್ದವರು ಇವರು! ತಬ್ಬಿಕೊಂಡು ಮುದ್ದು ಮಾಡಿ ಬಿಟ್ರಂತೆ!"

"ತಬ್ಬಿಕೊಂಡು!" ಎಂದ ಮಹಾದೇವಮ್ಮ ಹೊರಡಲು ಸೀರೆಗಳನ್ನು ಚೀಲಕ್ಕೆ ತುಂಬಲು ಒಳಗೆ ನಡೆದರು.

ಆಗ ಅಕ್ಕನಾಗಮ್ಮ ಗಂಡನ ನೆರವಿಗೆ ಬಂದರು. ಗಂಡನ ಮಾನ ಕಾಪಾಡುವುದು ಹೆಂಡತಿಯ ಧರ್ಮ ತಾನೇ? "ನಿಲ್ಲವ್ವ. ಇವರ ಕೈಗೆ ಮನೆಯ ಬೀಗದ ಕೈಯೇ ಸಿಗಲ್ಲ, ಮೀನು ಸಿಗುತ್ತಾ? ಸಾಕ್ಷಿ ಬೇಕಿದ್ರೆ ಕೇಳು" ಎಂದು ಗಂಡನ ಜೇಬಿನಿಂದ ಫೋನ್ ತೆಗೆದು, ಶ್ರೀನಾಥನಿಗೆ ಹಚ್ಚಿ, ಸ್ಪೀಕರ್ ಒತ್ತಿ, ಇವರ ಗಾಳಕ್ಕೆ ಈವರೆಗೆ ಎಷ್ಟು ಮೀನು ಬಿದ್ದಿವೆ ಎಂದು ಕೇಳಿದರು.

"ವೀರಬಸಪ್ಪನೋರಿಗಾ ಅಮ್ಮ?" ಶ್ರೀನಾಥನ ಧ್ವನಿ ಹಿತ್ತಲೆಲ್ಲ ಮೊಳಗಿತು. "ಸತ್ಯ ಹೇಳ್ತೆ, ಮೂರು ವರ್ಷದಲ್ಲಿ ಒಂದೂ ಬಿದ್ದಿಲ್ಲ. ಹೋದ ವರ್ಷ ನನ್ನ ಟೋಪಿಗೆ ಒಂದ್ಸಲ ಕೊಕ್ಕೆ ಸಿಕ್ಕಿತ್ತು. ಅದನ್ನ ಚೆಂದ ಎಳೆದ್ರು ನೋಡಿ. ಬೇಜಾರು ಮಾಡ್ಬೇಡಿ ಹೇಳಿ, ಕೆಲವ್ರಿಗೆ ಹಾಗೇ."

ಹಿತ್ತಲಲ್ಲಿ ನಗು ಎಲ್ಲಿಂದ ಎದ್ದಿತೋ, ಯಾರದೋ ಹೇಳಲಾಗದು. ಗೋಪಾಲಪ್ಪ ಮಾತ್ರ ನಗಲಿಲ್ಲ. ಬಾಳೆಕಂದನ್ನು ಗೋಡೆಗೆ ಒರಗಿಸಿ, ವೀರಬಸಪ್ಪನವರನ್ನು ಒಮ್ಮೆ ನೋಡಿ, "ಮೋಟರಿನ ಬಗ್ಗೆ ಹೇಳಿದ್ದಾದ್ರೂ ಖರೇನಾ?" ಎಂದ.

ಮಹಾದೇವಮ್ಮನ ಮುಖ ಅರಳಿತ್ತು. ಗೇಲಿಯ ನಗುವೆಂದು ವೀರಬಸಪ್ಪನವರು ಅಂದುಕೊಂಡರು, ಅದು ಭಕ್ತಿಯಾಗಿತ್ತು. "ನೋಡ್ರೇ, ಸಮುದ್ರಕ್ಕೆ ಇಳಿದ್ರೂ ನಮ್ಮ ಅಳಿಯಂದ್ರ ಕೈಗೆ ಪಾಪ ಹತ್ತದ ಹಾಗೆ ಕಾಯ್ದಾನೆ ಬಸವಣ್ಣ!" ಎಂದು ಕೈಮುಗಿದರು. ಅಂದು ಸಂಜೆಯೊಳಗೆ ಈ ಪವಾಡ ಬೀದಿಯ ಕೊನೆಯ ಮನೆಯವರೆಗೂ ತಲುಪಿತು. ಮಾರನೆಯ ದಿನ ಬೆಳಗ್ಗೆ ಪಾದಪೂಜೆಯ ಹೊತ್ತಿಗೆ ಸ್ವಾಮಿಗಳ ಕಿವಿಗೂ.

ಆಶೀರ್ವಚನದಲ್ಲಿ ಸ್ವಾಮಿಗಳು ಹೊಸ ಮನೆಯ ಬಗ್ಗೆ ಎರಡೇ ಮಾತಾಡಿದರು. ಉಳಿದ ಅರ್ಧ ಗಂಟೆ ಅಹಿಂಸೆ. ಕೈಯಲ್ಲಿ ಗಾಳವಿದ್ದೂ ಒಂದು ಜೀವಕ್ಕೂ ನೋವು ಕೊಡದ ಶರಣರೊಬ್ಬರು ಈ ಸಭೆಯಲ್ಲೇ ಇದ್ದಾರೆ ಎಂದು ಹೆಸರು ಹಿಡಿದು ಕರೆದರು. ಇನ್ನೂರು ಜನರ ಮುಂದೆ ವೀರಬಸಪ್ಪನವರ ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಮೊದಲ ಸಾಲಲ್ಲಿ ಅಕ್ಕನಾಗಮ್ಮ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದರು.

"ಇನ್ನು ಮುಂದೆಯೂ," ಎಂದು ಸ್ವಾಮಿಗಳು ಅವರ ತಲೆಯ ಮೇಲೆ ಕೈಯಿಟ್ಟು ಹರಸಿದರು, "ನಿಮ್ಮ ಜೀವನಪರ್ಯಂತ ಒಂದೇ ಒಂದು ಮೀನೂ ನಿಮ್ಮ ಗಾಳಕ್ಕೆ ಸಿಗದಿರಲಿ."

ಚಪ್ಪರ ಕಿತ್ತುಹೋಗುವ ಹಾಗೆ ಚಪ್ಪಾಳೆ ಬಿತ್ತು. ಗುರುಗಳ ಆಶೀರ್ವಾದ ಬೇಡ ಎನ್ನುವಂತಿಲ್ಲ. ವೀರಬಸಪ್ಪನವರು ಬಗ್ಗಿ ಪಾದಕ್ಕೆ ನಮಸ್ಕರಿಸಿದರು.