ಎರಡು ಕೋಟ್ ಗೋಬಿ

"ಗೋಬಿ ಮಂಚೂರಿಯಲ್ಲಿ ಅಂಥ ಘನಂದಾರಿ ವಿದ್ಯೆ ಏನಿದೆ ಅಂತೀನಿ? ಹೂಕೋಸು, ಹಿಟ್ಟು, ಎಣ್ಣೆ, ಬಣ್ಣ. ಮೊದಲಿನ ಮೂರು ಅಂಗಡಿಯಲ್ಲಿ ಸಿಗುತ್ತೆ. ನಾಲ್ಕನೆಯದು ನನ್ನ ಕೈಯಲ್ಲೇ ಇದೆ."

ಭಾನುವಾರ ಬೆಳಿಗ್ಗೆ ಹಾಸಿಗೆಯ ಮೇಲೆ ಕೂತುಕೊಂಡೇ ಬಣ್ಣದ ಮೇಸ್ತ್ರಿ ಈ ಘೋಷಣೆ ಹೊರಡಿಸಿದ. ಮೂವತ್ತು ವರ್ಷದಿಂದ ಗೋಡೆಗಳಿಗೆ ಬಣ್ಣ ಹೊಡೆದವನು. ಹಳೇ ಗೋಡೆಯಿಂದ ಉಗುರಿನಷ್ಟು ಚಕ್ಕೆ ಕೆರೆದು ಕೊಟ್ಟರೆ ಸಾಕು, ಅದೇ ಶೇಡನ್ನು ಡಬ್ಬಿಯಲ್ಲಿ ಕಲಸಿ ಕೊಡುವವನು. ಆಮೇಲೆ ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂದು ಮನೆಯ ಯಜಮಾನನೇ ಕಣ್ಣು ಕಿರಿದು ಮಾಡಿಕೊಂಡು ಹುಡುಕಬೇಕು. ಅಂಥವನಿಗೆ ಒಂದು ಹೂಕೋಸು ಯಾವ ಲೆಕ್ಕ! ಅಡುಗೆಮನೆಯಲ್ಲಿ ಈವರೆಗೆ ತಾನು ಮಾಡಿದ್ದು ಚಹಾ ಒಂದೇ ಎಂಬುದನ್ನು ಅವನೂ ನೆನೆಯಲಿಲ್ಲ, ನೆನಪಿಸಬೇಕಾದ ಹೆಂಡತಿಯೂ ಸುಮ್ಮನಿದ್ದಳು.

ಅವಳು ಸುಮ್ಮನಿದ್ದದ್ದೇ ಅವನಿಗಿದ್ದ ಸಂಕಟ. ಮೂರು ವಾರದ ಹಿಂದೆ ಜ್ವರ ಬಂದು ಮಲಗಿದ್ದಳು. ಜ್ವರವೇನೋ ಹೋಯಿತು, ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೇ ಎತ್ತಿಕೊಂಡು ಹೋಯಿತು. ಬೇರೆ ಯಾರಿಗಾದರೂ ಆಗಿದ್ದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ಆದರೆ ಇವಳು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಇನ್ನೂರು ಜನರ ಊಟಕ್ಕೆ ಯಾವ ಅಳತೆಯನ್ನೂ ಇಟ್ಟುಕೊಂಡವಳಲ್ಲ. ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ, ಉಪ್ಪು ಇನ್ನೆಷ್ಟು, ಹುಳಿ ಇನ್ನೆಷ್ಟು ಎಂದು ಹೇಳಿಬಿಡುತ್ತಿದ್ದಳು. ಈಗ ಅವಳಿಗೆ ಹಾಲು, ಅನ್ನ, ಮಾತ್ರೆ ಎಲ್ಲವೂ ಒಂದೇ. ಶನಿವಾರ ವಾರ್ಡನ್ ಫೋನ್ ಮಾಡಿ, ಸೋಮವಾರವಾದರೂ ಬರುತ್ತೀರೋ, ಇಲ್ಲ ಬೇರೆಯವರನ್ನು ನೋಡಿಕೊಳ್ಳಬೇಕೋ ಎಂದು ಕೇಳಿದ್ದರು.

ಫೋನ್ ಇಟ್ಟ ಮೇಲೆ ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ಇನ್ನೂರು ಮಕ್ಕಳ ಊಟಕ್ಕೆ ಅಂದಾಜಿನ ಮೇಲೆ ಉಪ್ಪು ಸುರೀಲಾ?"

ಮೇಸ್ತ್ರಿ ಮಾಡಿಕೊಟ್ಟ ಚಹಾವನ್ನು ಮೂರು ವಾರದಿಂದ ಅವಳು ಒಂದು ಮಾತೂ ಆಡದೆ ಕುಡಿಯುತ್ತಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನ ಚಹಾದಲ್ಲಿ ಹುಳುಕು ತೆಗೆಯದೆ ಅವಳು ಲೋಟ ಕೆಳಗಿಟ್ಟದ್ದೇ ಇಲ್ಲ. ಬೈಸಿಕೊಳ್ಳದ ಮನೆ ಅವನಿಗೆ ಬಿಕೋ ಅನ್ನುತ್ತಿತ್ತು.

ಅದೇ ಶನಿವಾರ ಸಂಜೆ ಅವಳು ಕಿಟಕಿಯ ಹತ್ತಿರ ಕೂತು, ಬೀದಿ ಕೊನೆಯ ಗಾಡಿಯ ಗೋಬಿ ಎರಡು ತುಂಡು ತಿಂದಿದ್ದರೆ ನಾಲಿಗೆ ಏಳುತ್ತಿತ್ತೇನೋ ಎಂದಳು. ಹೊರಗಿನದೇನೂ ಕೂಡದು, ಆಸೆಪಟ್ಟದ್ದನ್ನು ಮನೆಯಲ್ಲೇ ಮಾಡಿಕೊಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಈ ಘೋಷಣೆ.

ಮೇಸ್ತ್ರಿ ಮೊದಲು ಗಾಡಿಗೆ ಹೋದ. ಒಂದು ಪ್ಲೇಟ್ ಕೊಂಡು, ಬಾಯಿಗಿಡದೆ, ಒಂದು ತುಂಡನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಉಗುರಿನಿಂದ ಕೆರೆದ. ಗಾಡಿಯವನ ಮುಖ ಬಿಳುಚಿಕೊಂಡಿತು. ತಪಾಸಣೆಗೆ ಬಂದವರಾ ಸಾರ್ ಎಂದು ಮೆಲ್ಲಗೆ ಕೇಳಿದ. ಅಲ್ಲಪ್ಪಾ, ಸ್ಯಾಂಪಲ್ಲಿಗೆ ಎಂದ ಮೇಸ್ತ್ರಿ. ಅವನ ಮುಖ ಇನ್ನಷ್ಟು ಬಿಳುಚಿಕೊಂಡಿತು. ತುಂಡುಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು, ಗಾಡಿಯವನು ಬಾಣಲೆಯನ್ನು ಎತ್ತಿ ಗೋಬಿಯನ್ನು ಗಾಳಿಯಲ್ಲಿ ಹಾರಿಸಿ ಹಿಡಿಯುವ ವೈಖರಿಯನ್ನೂ ಚೆನ್ನಾಗಿ ಗಮನಿಸಿ ಮೇಸ್ತ್ರಿ ಮನೆಗೆ ಬಂದ.

ಇನ್ನು ಕೆಲಸ. ಕೆಲಸವೆಂದ ಮೇಲೆ ಅದಕ್ಕೊಂದು ಕ್ರಮ ಬೇಡವೇ? ಅಡುಗೆಮನೆಯ ನೆಲದ ತುಂಬ ಹಳೇ ಪೇಪರ್ ಹಾಸಿದ. ಫ್ರಿಜ್ಜಿಗೆ ಹರಿದ ಸೀರೆ ಹೊದಿಸಿದ. ಒಲೆಯ ಅಂಚಿಗೆ ಟೇಪ್ ಅಂಟಿಸಿದ. ಮೇಸ್ತ್ರಿಯ ಅಮ್ಮ ನೀರು ಕುಡಿಯಲು ಬಂದವರು ಬಾಗಿಲಲ್ಲೇ ನಿಂತರು.

"ಅಡುಗೆಮನೆಗೆ ಬಣ್ಣ ಹೊಡೀತಿದ್ದೀಯೇನೋ?"

"ಗೋಬಿ ಮಾಡ್ತಿದ್ದೀನಮ್ಮ."

ಅಮ್ಮ ನೀರನ್ನೂ ಕುಡಿಯದೆ ವಾಪಸ್ಸು ಹೋದರು.

ಹೂಕೋಸನ್ನು ಬಿಡಿಸಿ, ಕೆರೆದು, ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿದ್ದಾಯಿತು. ಹಸಿ ಗೋಡೆಯ ಮೇಲೆ ಬಣ್ಣ ಕೂರುವುದಿಲ್ಲವಲ್ಲ! ಆಮೇಲೆ ಮೈದಾ, ಕಾರ್ನ್‌ಫ್ಲೋರ್ ಕಲಸಿ, ಸೀಲು ಒಡೆಯದ ಹೊಚ್ಚಹೊಸ ಬ್ರಷ್ ತೆಗೆದು ಒಂದೊಂದು ತುಂಡಿಗೂ ಸಂದಿಗೊಂದಿಯನ್ನೂ ಬಿಡದೆ ಮೊದಲ ಕೋಟ್ ಹಚ್ಚಿದ. ಬಟ್ಟೆ ಒಣಗಿಸುವ ಹಗ್ಗವನ್ನು ಅಡುಗೆಮನೆಗೆ ಅಡ್ಡ ಕಟ್ಟಿ, ಗೋಬಿಗಳನ್ನು ತೊಟ್ಟು ಹಿಡಿದು ಕ್ಲಿಪ್ಪು ಹಾಕಿ ಸಾಲಾಗಿ ತೂಗುಬಿಟ್ಟ. ಗಾಡಿಯವರೆಲ್ಲ ಒಂದೇ ಕೋಟಿನಲ್ಲಿ ಕೈ ತೊಳೆದುಕೊಳ್ಳುತ್ತಾರೆ, ಅದಕ್ಕೇ ಅದು ಬಾಳಿಕೆ ಬರುವುದಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಒಂದು ಗಂಟೆ ಒಣಗಿದ ಮೇಲೆ ಎರಡನೇ ಕೋಟ್.

ಎಣ್ಣೆಗೆ ಬಿಟ್ಟರೆ ತುಂಡುಗಳು ಗುಳುಂ ಎಂದು ತಳಕ್ಕೆ ಹೋದವು. ತೇಲುವ ಲಕ್ಷಣವೇ ಕಾಣಲಿಲ್ಲ. ಮೇಸ್ತ್ರಿ ಉರಿ ಜೋರು ಮಾಡಿದ. ಒಳಗಿನ ಕೋಣೆಯಿಂದ ಹೆಂಡತಿಯ ಧ್ವನಿ ಬಂತು: "ರೀ, ಉರಿ ಸಣ್ಣ ಮಾಡಿ, ಹಿಟ್ಟು ಸೀಯ್ತಿದೆ."

"ಆಯ್ತು, ಆಯ್ತು, ನೀನು ಎದ್ದು ಬರಬೇಡ" ಎಂದು ಅವನು ಉರಿ ತಗ್ಗಿಸಿದ. ಕೆಲಸದ ಭರಾಟೆಯಲ್ಲಿ ಆ ಮಾತಿನ ಕಡೆ ಅವನ ಗಮನ ಹೋಗಲಿಲ್ಲ.

ಮುಂದಿನದು ಸಾಸು, ಅಂದರೆ ಶೇಡು, ಅಂದರೆ ಮೇಸ್ತ್ರಿಯ ಸಾಮ್ರಾಜ್ಯ. ಗಾಡಿಯ ತುಂಡನ್ನು ಕಿಟಕಿಯ ಬೆಳಕಿಗೆ ಇಟ್ಟು ಕಲಸಲು ಕೂತ. ಟೊಮ್ಯಾಟೊ ಸಾಸಿಗೆ ಹೊಳಪಿತ್ತು, ಗಾಢತನ ಇರಲಿಲ್ಲ. ಅಚ್ಚಖಾರದ ಪುಡಿ ಎರಡು ಚಮಚ ಹಾಕಿದ. ಕೆಂಪು ಸಾಲದು. ಇನ್ನೆರಡು ಹಾಕಿದ. ಈಗ ಕೆಂಪು ಮಿತಿಮೀರಿತು, ಸೋಯಾ ಸಾಸು ಸುರಿದ. ಕಪ್ಪಾಯಿತು. ಮತ್ತೆ ಖಾರದ ಪುಡಿ, ಈ ಸಲ ಪೊಟ್ಟಣವನ್ನೇ ಕೊಡವಿದ. ಮುಕ್ಕಾಲು ಗಂಟೆ ಹೋರಾಡಿ ಎರಡು ಬಣ್ಣ ಪಕ್ಕಪಕ್ಕ ಇಟ್ಟು ನೋಡಿದರೆ, ಆಹಾ! ಕೂದಲೆಳೆಯ ವ್ಯತ್ಯಾಸವಿಲ್ಲ.

ಅವನು ಒಂದೇ ಒಂದು ಸಲವೂ ನೆಕ್ಕಿ ನೋಡಲಿಲ್ಲ. ಪಾಪ, ಅವನ ತಪ್ಪಲ್ಲ. ಕಲಸಿದ್ದನ್ನು ಬಾಯಿಗಿಡಬಾರದು ಎಂಬುದು ಅವನು ಕಸುಬು ಕಲಿಯಲು ಹೋದ ಮೊದಲ ದಿನ ಗುರುವಿನಿಂದ ತಲೆಗೆ ಮೊಟಕಿಸಿಕೊಂಡು ಕಲಿತ ಪಾಠ. ಮೂವತ್ತು ವರ್ಷದ ಅಭ್ಯಾಸ ಒಂದು ಭಾನುವಾರಕ್ಕೆ ಬಿಟ್ಟುಹೋಗುತ್ತದೆಯೇ?

ಕೊನೆಯದಾಗಿ ಗಾಡಿಯವನ ಶೈಲಿಯಲ್ಲಿ ಬಾಣಲೆ ಎತ್ತಿ ಹಾರಿಸಿದ. ಹತ್ತು ತುಂಡು ಬಾಣಲೆಗೆ ಮರಳಿದವು. ಹನ್ನೊಂದನೆಯದು ನೆಟ್ಟಗೆ ಮೇಲೆ ಹೋಗಿ, ಎರಡು ತಿಂಗಳ ಹಿಂದೆ ಅವನೇ ಹೊಡೆದಿದ್ದ ಬೆಳ್ಳನೆಯ ಸೂರಿಗೆ ಡಬ್ ಎಂದು ಬಡಿದು, ಅಂಗೈಯಗಲದ ಕೆಂಪು ಮೊಹರು ಒತ್ತಿ ಕೆಳಗೆ ಬಿತ್ತು. ಘಾಟಿಗೆ ಅಮ್ಮ ಹೊರಗಿನ ಜಗಲಿಯಿಂದ ಎಂಟು ಸಲ ಸೀನಿದರು.

ಆದರೂ ಮೇಸ್ತ್ರಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಇಟ್ಟ. ನೋಡಲು ಗಾಡಿಯ ಗೋಬಿಯೇ. ಅಮ್ಮ ಮೊದಲು ಒಂದು ತುಂಡು ತೆಗೆದುಕೊಂಡು ಕಚ್ಚಿ, ಕಚ್ಚಿದಷ್ಟೇ ಜೋಪಾನವಾಗಿ ಬಿಡಿಸಿಕೊಂಡು ತಟ್ಟೆಗಿಟ್ಟರು. "ನನಗಿರೋದೇ ನಾಲ್ಕು ಹಲ್ಲು ಕಣಪ್ಪ" ಎಂದರು.

ಹೆಂಡತಿ ಇಡೀ ತುಂಡನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಮುಖ ಕೆಂಪಾಯಿತು. ಕಣ್ಣಿನಲ್ಲಿ ದಳದಳ ನೀರು ಸುರಿಯತೊಡಗಿತು. ಮೇಸ್ತ್ರಿಯ ಜಂಬ ಜರ್ರನೆ ಇಳಿಯಿತು. ಹುಷಾರಿಲ್ಲದವಳನ್ನು ನಾನೇ ಕೈಯಾರೆ ಕೊಂದೆನಲ್ಲ ಎನ್ನಿಸಿ, ಉಗಿದುಬಿಡು ಎಂದು ಅವಳ ಬಾಯಿಯ ಕೆಳಗೆ ತನ್ನ ಅಂಗೈಯನ್ನೇ ಒಡ್ಡಿದ. ಅವಳು ಉಗಿಯಲಿಲ್ಲ. ನುಂಗಿದಳು, ನೀರು ಕುಡಿದಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಹಿಟ್ಟಿಗೆ ಉಪ್ಪೇ ಹಾಕಿಲ್ಲ ನೀವು" ಎಂದಳು.

ಮೇಸ್ತ್ರಿ ಒಡ್ಡಿದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಏನಂದೆ?"

"ಉಪ್ಪಿಲ್ಲ ಅಂದೆ. ಖಾರ ವಿಪರೀತ. ಸೋಯಾ ಜಾಸ್ತಿಯಾಗಿ ಕಹಿ ಹೊಡೀತಿದೆ. ಹಿಟ್ಟು ಒಳಗೆ ಹಸಿ, ಹೊರಗೆ ಕಲ್ಲು. ಇದನ್ನ ಮನುಷ್ಯರು ತಿಂತಾರಾ?"

ಮೇಸ್ತ್ರಿ ದೊಪ್ಪನೆ ನೆಲದ ಮೇಲೆ ಕೂತ. "ಇನ್ನೇನೇನಿದೆ ಹೇಳು" ಎಂದ. ಹೇಳುವಷ್ಟರಲ್ಲಿ ಅವಳಿಗೂ ಅರ್ಥವಾಯಿತು. ತುಂಡಿನ ಒಳಗಿನ ಹಿಟ್ಟನ್ನು ಚಿವುಟಿಕೊಂಡು ಮತ್ತೊಮ್ಮೆ ನೆಕ್ಕಿ ನೋಡಿದಳು. ಹೌದು, ಉಪ್ಪಿಲ್ಲ. ಇಬ್ಬರ ಕಣ್ಣಲ್ಲೂ ನೀರು. ತನ್ನದು ಖಾರದ ಘಾಟಿಗೆ ಬಂದದ್ದೆಂದು ಮೇಸ್ತ್ರಿ ಇವತ್ತಿಗೂ ಹೇಳುತ್ತಾನೆ.

"ಸೀಯ್ತಿದೆ ಅಂತ ಅವಳು ಕೂಗಿದಾಗಲೇ ನನಗೆ ಗೊತ್ತಾಯ್ತು, ಮೂಗು ಬಂತು ಅಂತ" ಎಂದರು ಅಮ್ಮ. "ನಿನ್ನ ಗೋಬಿಯಿಂದ ಏನೂ ಆಗಿಲ್ಲ, ಬೀಗಬೇಡ."

ಹೆಂಡತಿ ಆಗಲೇ ವಾರ್ಡನ್‌ಗೆ ಫೋನ್ ಹಚ್ಚಿದ್ದಳು. ನಾಳೆ ಐದಕ್ಕೆ ಬರುತ್ತೇನೆ, ಬೇಳೆ ನೆನೆಸಿಡಲು ಹೇಳಿ ಎಂದಳು.

ಸೋಮವಾರ ಸಂಜೆ ಅವಳು ಕೆಲಸದಿಂದ ಬಂದಾಗ ಮೇಸ್ತ್ರಿ ಅಡುಗೆಮನೆಯಲ್ಲಿ ಏಣಿ ಹತ್ತಿ ನಿಂತಿದ್ದ. ಸೂರಿನ ಕೆಂಪು ಕಲೆಗೆ ಬಿಳಿ ಬಣ್ಣ ಎರಡು ಕೋಟ್ ಹೊಡೆದಿದ್ದ. ಎರಡನ್ನೂ ದಾಟಿಕೊಂಡು ಕೆಂಪು ಹೊರಗೆ ಇಣುಕುತ್ತಿತ್ತು. ಮೂವತ್ತು ವರ್ಷದಲ್ಲಿ ಇಂಥ ಗಟ್ಟಿ ಬಣ್ಣ ನೋಡಿಲ್ಲ, ಮೂರನೇ ಕೋಟ್ ಹೊಡೆಯದೆ ಗತ್ಯಂತರವಿಲ್ಲ ಎಂದು ಅವನು ಮೇಲಿಂದಲೇ ದೂರಿಕೊಂಡ.

ಅವಳು ಅವನು ಮಾಡಿಟ್ಟಿದ್ದ ಚಹಾ ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿಯಾಯಿತೆಂದು ಮುಖ ಕಿವುಚಿ, ಸೂರಿನ ಕಡೆ ಕತ್ತೆತ್ತಿ ನೋಡಿದಳು.

"ಹೊಡೀರಿ" ಎಂದಳು. "ಈ ಸಲ ಸ್ವಲ್ಪ ಉಪ್ಪು ಹಾಕಿ ಹೊಡೀರಿ."